ಮಹಾದೇವಿಯಕ್ಕನ ಚರಿತ್ರೆಯಲ್ಲಿ ಬಲಾತ್ಕಾರದ ನಿರೂಪಣೆಯೂ ಶರಣರ ವಾಙ್ಮಯಸಭೆಯೂ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಶಾಸನಗಳು ಬಿ. ಎಲ್. ರೈಸ್ ಅವರ ಸಂಪಾದಕತ್ವದಲ್ಲಿ ಕ್ರಮವಾಗಿ ೧೯೦೨, ೧೯೦೪ನೆಯ ಇಸವಿಗಳಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಮತ್ತು ಎಂಟನೆಯ ಸಂಪುಟಗಳಾಗಿ ಪ್ರಕಟವಾದುವು. ಈ ಸಂಪುಟಗಳಲ್ಲಿ ಅರಸರ ದತ್ತಿಗಳಷ್ಟೇ ವಿಚಾರಣೀಯವಾದುವು ವೀರಗಲ್ಲಿನ ಕಿರುಬರಹಗಳು. ಅವುಗಳಲ್ಲಿ ತುರುಗೊಳ್, ಊರಳಿವು ಎಂಬ ಮಾತುಗಳೊಡನೆ ‘ಪೆಂಡಿರುಡೆಯುರ್ಚು’ ಎಂಬ ಇನ್ನೊಂದು ಮಾತೂ ಬರುವುದುಂಟು. ಉಡೆಯೆಂದರೆ ನಡುವಿಗೆ ಉಟ್ಟ ಬಟ್ಟೆ. ಉರ್ಚುವುದೆಂದರೆ ಸೆಳೆದು ಕಳಚುವುದು. ಶತ್ರುಗಳು ಊರಿನ ಮೇಲೆ ಬಿದ್ದು, ದನಗಳನ್ನು ಹೊಡೆದುಕೊಂಡು, ಹೆಂಗಸರ ಉಡೆಯನ್ನು ಸೆಳೆಯುತ್ತಿರಲು ಇಂಥವನು ಇರಿದು ಸತ್ತನೆಂದು ಕಲ್ಲು ಸಾರುತ್ತದೆ. ಸತ್ತವನ ಹೆಸರು, ಅವನ ತಂದೆಯ ಹೆಸರು, ಅವನನ್ನು ವಿಮಾನದಲ್ಲಿ ಕೊಂಡೊಯ್ಯುವ ದೇವಾಂಗನೆಯರ ಚಿತ್ರ, ಎಲ್ಲವೂ ಅಲ್ಲಿ ಉಂಟು. ಯಾರ ಉಡೆ ಸೆಳೆಯಲ್ಪಟ್ಟಿತೋ ಅವಳ ಹೆಸರನ್ನು ಕೊರೆಯಬೇಕೆಂದು ಮಾತ್ರ ಯಾರಿಗೂ ತೋರಿದಂತಿಲ್ಲ. ವೀರನ ಯಶಸ್ಸಿಗೆ ಆಕೆಯ ಅಪಮಾನವು ನಿಮಿತ್ತಮಾತ್ರ. ಅಪಮಾನದ ಬಳಿಕ ಆಕೆ ಏನಾದಳು, ಏನು ನುಡಿದಳು ಎಂಬುದು ಶಾಸನದ ವಿಷಯವಲ್ಲ.

ಇದೇ ನಾಡಿನಲ್ಲಿ, ಅಂದರೆ ಬನವಾಸಿ ಪನ್ನಿರ್ಛಾಸಿರದೊಳಗೆ, ಬಳ್ಳಿಗಾವೆಗೆ ಅನತಿದೂರದ ಉಡುತಡಿಯಲ್ಲಿ ಹನ್ನೆರಡನೆಯ ಶತಮಾನದ ಮಧ್ಯಭಾಗದಲ್ಲಿ ಮಹಾದೇವಿ ಹುಟ್ಟಿದಳೆಂದು ಪರಂಪರೆ ಹೇಳುತ್ತದೆ. ಆ ಗ್ರಾಮವು ಇಂದಿನ ಶಿಕಾರಿಪುರ ತಾಲ್ಲೂಕಿನಲ್ಲಿ ಶಿರಾಳಕೊಪ್ಪದ ಸಮೀಪದಲ್ಲಿದೆ. (ಊರ ಹೆಸರಿನಲ್ಲಿ ‘ಉಡು’ ಎಂಬುದನ್ನು ಕಂಡು, ಉಡುಗೆ ತೊರೆದವಳ ಊರೆಂದು ಚಮತ್ಕಾರ ಮಾಡುವವರುಂಟು, ಅದು ಶ್ಲೇಷೆಯೇ ಹೊರತು ನಿಷ್ಪತ್ತಿಯಲ್ಲ.) ಉಡೆಯನ್ನು ಕುರಿತು ವೀರಗಲ್ಲಿನಲ್ಲಿ ಮೂಕಳಾಗಿದ್ದ ಹೆಣ್ಣು ಈಕೆಯಲ್ಲಿ ಮಾತಾಡಿದಳು. ಆದುದರಿಂದ ಈಕೆಯ ಮೇಲೆ ನಡೆದ ಬಲಾತ್ಕಾರವನ್ನು ಕವಿಗಳು ಹೇಗೆ ಹೇಳಿದರು, ಪಂಡಿತರು ಹೇಗೆ ಓದಿದರು, ಈಕೆಯ ಮಾತನ್ನು ಕೇಳಿದ ಸಭೆ ಎಂತಹದು ಎಂಬ ವಿಚಾರವು ಒಬ್ಬ ಶರಣೆಯ ಚರಿತ್ರೆಗೆ ಮಾತ್ರ ಸಂಬಂಧಿಸಿದುದಲ್ಲ.

ಮಹಾದೇವಿಯ ಕಥೆಗೆ ಮೊದಲ ಆಕರ ಹರಿಹರನ ‘ಮಹಾದೇವಿಯಕ್ಕನ ರಗಳೆ’. ಅವನ ಕಾಲ ಸುಮಾರು ೧೨೦೦. ಎಂದರೆ ಕಥಾನಾಯಿಕೆಗೂ ಕವಿಗೂ ನಡುವಣ ಅಂತರ ಅತ್ಯಲ್ಪ. ಇಲ್ಲಿ ಕೌಶಿಕನೆಂಬ ಭವಿಯಾದ ಅರಸನು ಬೀದಿಯಲ್ಲಿ ಹೋಗುತ್ತ ಮಹಾದೇವಿಯನ್ನು ಕಂಡು ಮೋಹಗೊಳ್ಳುತ್ತಾನೆ. ಮಂತ್ರಿಗಳನ್ನು ಕಳುಹಿಸಿ ಕೇಳಿಸುತ್ತಾನೆ. ತಾಯಿತಂದೆಗಳು ಒಪ್ಪದಿರಲು ಪ್ರಾಣಭಯವನ್ನು ಒಡ್ಡುತ್ತಾನೆ. ಹೆತ್ತವರು ಮಗಳ ಮುಂದೆ ನಿಂತು ಅಂಗಲಾಚುತ್ತಾರೆ. ಅವರ ಜೀವವುಳಿಸುವುದಕ್ಕಾಗಿ ಮಹಾದೇವಿ ಒಪ್ಪುತ್ತಾಳೆ. ಆದರೆ ಬರಿದೆ ಒಪ್ಪುವುದಿಲ್ಲ. ತನ್ನಿಚ್ಛೆಯಂತೆ ಲಿಂಗಪೂಜೆ, ತನ್ನಿಚ್ಛೆಯಂತೆ ಮಾಹೇಶ್ವರರ ಗೋಷ್ಠಿ, ತನ್ನಿಚ್ಛೆಯಂತೆ ಗುರುಸೇವೆ ನಡೆಯತಕ್ಕದ್ದು. ಇವಕ್ಕೆ ಭಂಗ ಬಂದರೆ ಮೂರು ತಪ್ಪುಗಳವರೆಗೆ ಸೈರಿಸುವಳು, ಅನಂತರ ಅವಳ ದಾರಿ ಅವಳಿಗೆ. ಕೌಶಿಕನು ಮೂರು ಬಾರಿಯೂ ಮಾತು ಮುರಿಯುತ್ತಾನೆ. ಅವಳು ಅರಮನೆಯನ್ನು ಬಿಟ್ಟು ಶ್ರೀಶೈಲದ ಕಡೆಗೆ ಹೊರಡುತ್ತಾಳೆ. ಹರಿಹರನಲ್ಲಿ ಆಕೆ ಕಲ್ಯಾಣಕ್ಕೆ ಹೋಗುವ ಪ್ರಸ್ತಾಪವೇ ಇಲ್ಲವೆಂಬುದು ವಿದ್ವಾಂಸರಿಗೆ ವಿದಿತವಾದ ಸಂಗತಿ.

ಎರಡು ಶತಮಾನಗಳ ತರುವಾಯ, ಪ್ರೌಢದೇವರಾಯನ ಕಾಲದ ಚಾಮರಸನು ‘ಪ್ರಭುಲಿಂಗಲೀಲೆ’ಯಲ್ಲಿ ಕಥೆಯನ್ನು ಬೇರೆಯಾಗಿ ಹೇಳುತ್ತಾನೆ. ಅಲ್ಲಿ ದಾಂಪತ್ಯವಿಲ್ಲ, ಮಹಾದೇವಿ ಅರಮನೆಗೆ ಹೋಗಿಯೂ ಕೌಶಿಕನ ವಶಳಾಗದೆ, ಅವನ ಸಂಬಂಧದ ಉಡುಗೆ ತೊಡುಗೆಗಳನ್ನು ಅಲ್ಲಿಯೇ ಬಿಸುಟು ಹೊರಬೀಳುತ್ತಾಳೆ. ಈ ಭೇದವನ್ನು ಹಿಡಿದು ಇಪ್ಪತ್ತನೆಯ ಶತಮಾನದ ಕನ್ನಡ ಪಂಡಿತರು ಮಾಡಿದ ಚರ್ಚೆ ಅಷ್ಟಿಷ್ಟಲ್ಲ. ಮಹಾದೇವಿಗೆ ಕೌಶಿಕನೊಡನೆ ಮದುವೆಯಾಯಿತೆ, ಇಲ್ಲವೆ? ಆದುದಾದರೆ ಸಂಗವಾಯಿತೆ, ಇಲ್ಲವೆ? ಹರಿಹರನು ಕಾಲಕ್ಕೆ ಹತ್ತಿರದವನಾದುದರಿಂದ ಅವನೇ ಪ್ರಮಾಣವೆಂದು ಒಂದು ಪಕ್ಷ. ಭಕ್ತೆಯಾದವಳು ಭವಿಯನ್ನು ವರಿಸುವುದು ಅಸಂಭವವಾದುದರಿಂದ ಚಾಮರಸನ ಪಾಠವೇ ಯುಕ್ತವೆಂದು ಇನ್ನೊಂದು ಪಕ್ಷ. ಎರಡು ಪಕ್ಷಗಳಲ್ಲಿಯೂ ಪಾಂಡಿತ್ಯಕ್ಕೆ ಕೊರತೆಯಿಲ್ಲ. ಆದರೆ ಎರಡೂ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತಿವೆ. ಆ ಪ್ರಶ್ನೆ ಮಹಾದೇವಿಯ ದೇಹಕ್ಕೆ ಸಂಬಂಧಿಸಿದುದು. ಕೌಶಿಕನ ಕೃತ್ಯಕ್ಕೆ ಸಂಬಂಧಿಸಿದುದಲ್ಲ. ಶಸ್ತ್ರದ ಬೆದರಿಕೆಯಿಂದ ಪಡೆದ ಒಪ್ಪಿಗೆ ಒಪ್ಪಿಗೆಯೆ? ಈ ಪ್ರಶ್ನೆಯನ್ನು ಹರಿಹರನೇ ಕಥೆಯ ಕಟ್ಟಿನಲ್ಲಿ ಎತ್ತಿರುವನು. ಷರತ್ತುಗಳ ಪ್ರಸಂಗವು ಇರುವುದೇ ಅದಕ್ಕಾಗಿ. ಪಂಡಿತರು ಷರತ್ತುಗಳನ್ನು ಭಕ್ತಿಯ ದಾರ್ಢ್ಯಕ್ಕೆ ನಿದರ್ಶನವೆಂದಷ್ಟೇ ಓದಿ ಮುಂದೆ ಸಾಗಿದರು.

ಈ ಉದಾಸೀನತೆಗೆ ಅಲಂಕಾರಶಾಸ್ತ್ರವು ಕಾರಣವಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಏಕೆಂದರೆ ಪ್ರಾಚೀನ ಲಾಕ್ಷಣಿಕರಿಗೆ ಇಂಥ ವಿವೇಕವಿರಲಿಲ್ಲವೆಂಬ ಮಾತು ಈಚೆಗೆ ಸುಲಭವಾಗಿ ಕೇಳಿಬರುತ್ತಿದೆ. ಅನೌಚಿತ್ಯದಿಂದ ಪ್ರವರ್ತಿಸಿದ ರಸವು ರಸವಲ್ಲ, ರಸಾಭಾಸವೆಂದು ಮಮ್ಮಟನು ನಿರ್ಣಯಿಸಿದ್ದಾನೆ. ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ರಸಾಭಾಸದ ಪ್ರಭೇದಗಳನ್ನು ಎಣಿಸುವಾಗ ‘ಅನುಭಯನಿಷ್ಠ’ವಾದ ರತಿಯನ್ನು, ಎಂದರೆ ಇಬ್ಬರಲ್ಲಿಯೂ ನೆಲೆಗೊಳ್ಳದೆ ಒಬ್ಬರಲ್ಲಿಯೇ ಉಂಟಾದ ರತಿಯನ್ನು, ಸೇರಿಸಿದ್ದಾನೆ. ಇವರಿಗಿಂತ ಮೊದಲೇ ಅಭಿನವಗುಪ್ತನು ‘ಲೋಚನ’ದಲ್ಲಿ ರಾವಣನು ಸೀತೆಯಲ್ಲಿ ತಳೆದ ಕಾಮವನ್ನು ಶೃಂಗಾರಾಭಾಸಕ್ಕೆ ಉದಾಹರಣೆಯಾಗಿ ಎತ್ತಿಕೊಂಡು, ಶುಕ್ತಿಯಲ್ಲಿ ಬೆಳ್ಳಿ ತೋರಿದಂತೆ ಅಲ್ಲಿ ಶೃಂಗಾರವು ತೋರುವುದೆಂದು ವಿವರಿಸಿದ್ದಾನೆ. ಅವನ ವಿಶ್ಲೇಷಣೆಯ ಸೂಕ್ಷ್ಮತೆ ಗಮನಾರ್ಹ. ಆಕೆಗೆ ತಾನು ಬೇಡದವನೆಂಬ ಅರಿವು ರಾವಣನ ಹೃದಯವನ್ನು ಮುಟ್ಟುವುದೇ ಇಲ್ಲ. ಮುಟ್ಟಿದ್ದರೆ ಆ ಅಭಿಲಾಷೆಯೇ ಕರಗಿಹೋಗುತ್ತಿತ್ತು. ಒಲ್ಲೆನೆಂಬ ಮಾತು ಕಿವಿಗೆ ಬಿದ್ದೂ ಮನಸ್ಸಿಗೆ ಬೀಳದ ಸ್ಥಿತಿಯನ್ನು ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಆಚಾರ್ಯನೊಬ್ಬನು ಇಷ್ಟು ಖಚಿತವಾಗಿ ಗುರುತಿಸಿದ್ದನು.

ಈ ಒರೆಗಲ್ಲಿಗೆ ಹಚ್ಚಿದರೆ ಹರಿಹರನ ಕೌಶಿಕನು ಯಾರು? ಅವನ ವಿರಹತಾಪವನ್ನು ಕವಿ ಬಣ್ಣಿಸುವ ರೀತಿ ಕಾವ್ಯರೂಢಿಯದೇ: ನೋಟ ನೆಡುವುದು, ಮೈ ಮರೆಯುವುದು, ಉಪಚಾರಗಳು ವ್ಯರ್ಥವಾಗುವುದು. ಬಿಡಿಯಾಗಿ ಓದಿದವನಿಗೆ ಇದು ಪೂರ್ವಾನುರಾಗವೆಂದೇ ತೋರೀತು. ಆದರೆ ರತಿಯು ಅನುಭಯನಿಷ್ಠವಾದುದರಿಂದ ಇಲ್ಲಿ ಶೃಂಗಾರವಿಲ್ಲ, ಅದರ ತೋರಿಕೆಯಿದೆ. ಇಷ್ಟನ್ನು ಶಾಸ್ತ್ರವೇ ಹೇಳುತ್ತದೆ. ಶಾಸ್ತ್ರವು ನಿಲ್ಲುವ ಎಡೆ ಮುಂದಿನದು. ಶೃಂಗಾರಾಭಾಸವು ವಿಮರ್ಶೆಗೆ ಒಳಗಾದಾಗ ಹಾಸ್ಯದಲ್ಲಿ ಪರ್ಯವಸಾನವಾಗುವುದೆಂದು ಅಭಿನವಗುಪ್ತನ ಮತ. ಬೇಡದವಳನ್ನು ಬೇಡುವವನು ನಗೆಪಾಟಲಾಗುವನೆಂಬುದು ನಿಜ, ಅವನ ಕೈಯಲ್ಲಿ ಸೈನ್ಯವಿಲ್ಲದಿದ್ದರೆ. ಕೌಶಿಕನ ಕೈಯಲ್ಲಿ ಸೈನ್ಯವಿದೆ, ಅವನ ಆಳುಗಳು ಮನೆಯ ಬಾಗಿಲಿಗೆ ಬಂದಿದ್ದಾರೆ, ಮುದಿ ತಾಯಿತಂದೆಗಳು ನಡುಗುತ್ತಿದ್ದಾರೆ. ಇಲ್ಲಿ ಸಹೃದಯನು ನಗಲಾರನು. ಆಭಾಸವು ಭಯಾನಕಕ್ಕೆ ತಿರುಗುವ ಈ ಸಂಧಿಯನ್ನು ಹರಿಹರನು ರಗಳೆಯ ಓಟದಲ್ಲಿ ಸಾಧಿಸಿದ್ದಾನೆ. ಮಗಳ ಮುಂದೆ ಹೆತ್ತವರು ನಿಲ್ಲುವ ಪ್ರಸಂಗದಲ್ಲಿ ಬೆದರಿಕೆಯ ಭಾರವೆಲ್ಲವೂ ಬೆದರಿಸಿದವನನ್ನು ಬಿಟ್ಟು ಬೆದರಿದವರ ಬಾಯಿಂದ ಮಗಳ ಮೇಲೆ ಬೀಳುತ್ತದೆ. ಗೃಹದೊಳಗಿನ ಹಿಂಸೆಯ ರೀತಿಯೇ ಇದು. ಈ ಒಂದು ಪ್ರಸಂಗದ ನಿರ್ವಹಣೆಯಲ್ಲಿ ಹರಿಹರನು ಚಾಮರಸನಿಗಿಂತ ನಿಸ್ಸಂಶಯವಾಗಿ ಮೇಲು. ಚಾಮರಸನು ನಾಯಿಕೆಯ ಪಾವಿತ್ರ್ಯವನ್ನು ಕಾಪಾಡಿದನು. ಕಾಪಾಡುವ ಭರದಲ್ಲಿ ಅವಳಿಗಾದ ಅನ್ಯಾಯವನ್ನು ಹಗುರ ಮಾಡಿದನು.

ಧರ್ಮಶಾಸ್ತ್ರದ ಸ್ಥಿತಿ ಅಲಂಕಾರಶಾಸ್ತ್ರದಷ್ಟು ನಿರ್ಮಲವಾಗಿಲ್ಲ. ಬಂಧುಗಳನ್ನು ಕೊಂದು ಗಾಯಗೊಳಿಸಿ, ಅಳುತ್ತಿರುವ ಕನ್ಯೆಯನ್ನು ಮನೆಯಿಂದ ಸೆಳೆದೊಯ್ಯುವುದನ್ನು ಮನುವು ರಾಕ್ಷಸವೆಂದು ಹೆಸರಿಸಿ ಎಂಟು ವಿವಾಹಗಳಲ್ಲಿ ಒಂದಾಗಿ ಎಣಿಸಿದ್ದಾನೆ. ಕ್ಷತ್ರಿಯನಿಗೆ ಅದನ್ನು ಅನುಮತಿಸಿಯೂ ಇದ್ದಾನೆ. ನಿಂದಿಸಿಯೇ ಎಣಿಸಿದನೆಂದು ಸಮರ್ಥಿಸಬಹುದು. ಆದರೆ ವಿವಾಹವೆಂಬ ಹೆಸರು ಅದಕ್ಕೆ ಸಂದಿತು. ಆಲಂಕಾರಿಕನು ಆಭಾಸವೆಂದು ತಳ್ಳಿದುದನ್ನು ಸ್ಮೃತಿಕಾರನು ವಿವಾಹವೆಂದು ಅಂಗೀಕರಿಸಿದನು. ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಹೆಣ್ಣು ‘ಅಕಾಮೆ’ಯೆ ಎಂಬ ವಿವೇಚನೆ ಕನ್ಯೆಯ ವಿಷಯದಲ್ಲಿಯೂ ಗಣಿಕೆಯ ವಿಷಯದಲ್ಲಿಯೂ ಉಂಟು, ಬಲ ಪ್ರಯೋಗಿಸಿದವನಿಗೆ ದಂಡವೂ ಉಂಟು.

ಇನ್ನೊಂದು ಸಂಗತಿ ಇದಕ್ಕಿಂತ ಕುತೂಹಲಕರ. ಬಲದಿಂದ ಅಥವಾ ಮೋಸದಿಂದ ನಡೆದ ವ್ಯವಹಾರಗಳನ್ನು ರದ್ದುಗೊಳಿಸತಕ್ಕದ್ದೆಂದು ಯಾಜ್ಞವಲ್ಕ್ಯನ ವ್ಯವಹಾರಾಧ್ಯಾಯವು ವಿಧಿಸುತ್ತದೆ. ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ವಿಜ್ಞಾನೇಶ್ವರನು ರಚಿಸಿದುದು ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ಕಲ್ಯಾಣನಗರದಲ್ಲಿಯೇ. ಮಹಾದೇವಿಯು ಹೋಗಿ ನಿಂತಳೆಂದು ಶೂನ್ಯಸಂಪಾದನಕಾರರು ಹೇಳುವ ಕಲ್ಯಾಣವೂ ಅದೇ. ಬೆದರಿಸಿ ಬರೆಯಿಸಿಕೊಂಡ ಸಾಲಪತ್ರವು ಆ ನಗರದ ಧರ್ಮಾಧಿಕರಣದಲ್ಲಿ ನಿಲ್ಲುತ್ತಿರಲಿಲ್ಲ. ಬೆದರಿಸಿ ಪಡೆದ ಹೆಣ್ಣಿನ ಒಪ್ಪಿಗೆಗೆ ಅದೇ ನ್ಯಾಯವನ್ನು ಅನ್ವಯಿಸಬೇಕೆಂದು ಯಾವ ವ್ಯಾಖ್ಯಾನಕಾರನಿಗೂ ಹೊಳೆಯಲಿಲ್ಲ. ಮತ್ತೊಂದು ವಿಪರ್ಯಾಸವೂ ಅಲ್ಲಿದೆ: ರದ್ದುಗೊಳಿಸತಕ್ಕ ವ್ಯವಹಾರಗಳ ಆ ಪಟ್ಟಿಯಲ್ಲಿಯೇ ಸ್ತ್ರೀಯರು ಮಾಡಿದ ವ್ಯವಹಾರಗಳೂ ಸೇರಿವೆ. ಕೌಶಿಕನ ಬಲಾತ್ಕಾರವು ಅಸಿಂಧುವಾದರೆ ಮಹಾದೇವಿಯ ಷರತ್ತುಗಳೂ ಅಸಿಂಧುವೇ! ಇಂಥ ನ್ಯಾಯವ್ಯವಸ್ಥೆಯ ಎದುರಿಗೆ ಹರಿಹರನು ಒಬ್ಬ ಹೆಣ್ಣಿನ ಮೂರು ಷರತ್ತುಗಳನ್ನು ಅರಸನನ್ನು ಕಟ್ಟಿಹಾಕುವ ಒಪ್ಪಂದವಾಗಿ ನಿಲ್ಲಿಸಿ, ಅವು ಮುರಿದಾಗ ಅವಳ ನಿರ್ಗಮನವನ್ನು ಧರ್ಮ್ಯವೆಂದು ತೀರ್ಪಿತ್ತುದು ಸಾಮಾನ್ಯ ಸಾಹಸವಲ್ಲ.

ಇನ್ನು ಆಕೆಯ ಮಾತನ್ನು ಕೇಳಿದ ಸಭೆಯ ವಿಚಾರ. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಮೊದಲಾಗಿ ಗೂಳೂರು ಸಿದ್ಧವೀರಣಾಚಾರ್ಯನವರೆಗೆ ನಾಲ್ವರು ಸಂಕಲಿಸಿದ ‘ಶೂನ್ಯಸಂಪಾದನೆ’ಗಳು ಹದಿನೈದು ಮತ್ತು ಹದಿನಾರನೆಯ ಶತಮಾನಗಳವು. ಬೇರೆಬೇರೆ ಶರಣರು ಬೇರೆಬೇರೆ ಎಡೆಗಳಲ್ಲಿ, ಬೇರೆಬೇರೆ ಸಂದರ್ಭಗಳಲ್ಲಿ ನುಡಿದ ವಚನಗಳನ್ನು ಇವರು ಪ್ರಶ್ನೋತ್ತರಗಳಾಗಿ ಹೆಣೆದು ಒಂದು ಮಹಾಸಂವಾದವನ್ನು ಕಟ್ಟಿದರು. ಅನುಭವಮಂಟಪವೆಂಬುದು ಕಲ್ಲಿನ ಕಟ್ಟಡವಾಗಿ ಇತ್ತೆ ಎಂಬ ವಾದವು ಇತಿಹಾಸಕಾರರಲ್ಲಿ ಮುಗಿದಿಲ್ಲ. ಸಾಹಿತ್ಯವಿಮರ್ಶೆಗೆ ಅದು ಮುಗಿಯಬೇಕಾಗಿಯೂ ಇಲ್ಲ. ಕೃತಿಯಲ್ಲಿ ಕಾಣುವ ಸಭೆ ಮಾತಿನಿಂದಲೇ ಆದ ಸಭೆ; ಅದಕ್ಕೆ ಕಂಬವೂ ಮಾತೇ, ಮಾಡೂ ಮಾತೇ. ಅದರ ಸದಸ್ಯರು ಒಂದೇ ಕಾಲದಲ್ಲಿ ಒಂದೇ ನೆಲದ ಮೇಲೆ ಕುಳಿತಿರಬೇಕಾಗಿಲ್ಲ. ಇದನ್ನು ವಾಙ್ಮಯಸಭೆಯೆಂದು ಕರೆಯಬಹುದು. ಅದಕ್ಕೆ ದಂಡಾಧಿಕಾರವಿಲ್ಲ, ಕೌಶಿಕನನ್ನು ಕರೆಯಿಸಿ ಶಿಕ್ಷಿಸುವ ಬಲವಿಲ್ಲ. ಅರಮನೆಯನ್ನು ತೊರೆದು ಬಂದವಳಿಗೆ ನಿಲ್ಲಲು ಎಡೆ, ಹೇಳಿಕೊಳ್ಳಲು ಕಿವಿ, ಕರೆಯಲು ಒಂದು ಬಂಧುನಾಮ, ಇಷ್ಟನ್ನು ಅದು ಕೊಡಬಲ್ಲುದು. ವಯಸ್ಸಿನಲ್ಲಿ ಎಲ್ಲರಿಗಿಂತ ಕಿರಿಯಳಾದವಳನ್ನು ಹಿರಿಯರೆಲ್ಲರೂ ‘ಅಕ್ಕ’ ಎಂದರು. ಮಗಳೆಂದೂ ಹೆಂಡತಿಯೆಂದೂ ಕರೆಯಲ್ಪಟ್ಟಾಗ ಅವಳಿಗಾದುದು ಏನೆಂದು ಬಲ್ಲ ಓದುಗನಿಗೆ, ಯಾರ ಸ್ವತ್ತೂ ಆಗದ ಈ ಸಂಬೋಧನೆಯ ಬೆಲೆ ತಿಳಿಯುತ್ತದೆ.

ಆದರೆ ಈ ಸಭೆಯನ್ನು ಹೊಗಳಿ ಸುಮ್ಮನಾಗುವುದು ವಿಮರ್ಶೆಯಲ್ಲ. ಪ್ರಚಲಿತ ಶೂನ್ಯಸಂಪಾದನೆಯಲ್ಲಿ ಕಿನ್ನರಿ ಬೊಮ್ಮಯ್ಯನು ಮಹಾದೇವಿಯನ್ನು ಕಲ್ಯಾಣದ ಹೊಸ್ತಿಲಲ್ಲಿ ಪರೀಕ್ಷಿಸುತ್ತಾನೆ, ಅದೂ ಕಾಮುಕನ ನಡತೆಯಿಂದ. ಅವಳು ಅಚಲಳೆಂದು ಕಂಡ ಮೇಲೆ ಕಾಲಿಗೆರಗುತ್ತಾನೆ. ಕೌಶಿಕನಿಂದ ಪಾರಾಗಿ ಬಂದವಳು ಶರಣನ ಕೈಯಲ್ಲಿ ಮತ್ತೊಮ್ಮೆ ಅದನ್ನೇ ಕಾಣಬೇಕಾಯಿತು. ಮೊದಲನೆಯದು ಕಾಮದಿಂದ, ಎರಡನೆಯದು ಪರೀಕ್ಷೆಯ ನೆಪದಿಂದ. ವ್ಯಾಖ್ಯಾನಕಾರರು ಈ ಪ್ರಸಂಗವನ್ನು ಮಹಾದೇವಿಯ ವೈರಾಗ್ಯದ ಕಳಶವೆಂದು ಕೊಂಡಾಡುವರು. ಬೊಮ್ಮಯ್ಯನಿಗೆ ಪರೀಕ್ಷಿಸುವ ಅಧಿಕಾರವನ್ನು ಕೊಟ್ಟವರಾರು ಎಂದು ಕೇಳಿದವರು ವಿರಳ. ಅನಂತರ ಪ್ರಭುದೇವರ ಸರದಿ. ಆತನು ಬಳ್ಳಿಗಾವೆಯವನು, ಒಂದೇ ನಾಡಿನವನು. ನಿನ್ನ ಪತಿ ಯಾರೆಂದು ಹೇಳದೆ ಈ ಸಭೆಯಲ್ಲಿ ಕುಳ್ಳಿರಬೇಡವೆಂಬುದು ಆತನ ಪ್ರಶ್ನೆಯ ಸಾರ. ಉಡುಗೆಯನ್ನು ಬಿಟ್ಟವಳು ಕೂದಲಿನಿಂದ ಮೈಯನ್ನು ಮರೆಸಿದುದೇಕೆಂದು ಮುಂದಿನ ಆಕ್ಷೇಪ. ತನ್ನ ನಾಚಿಕೆಗಾಗಿ ಅಲ್ಲ, ನೋಡುವವರ ಮನಸ್ಸು ನೋಯದಿರಲೆಂದು ಮರೆಸಿರುವೆನೆಂಬ ಅರ್ಥದ ಉತ್ತರವನ್ನು ಅವಳು ಕೊಡುತ್ತಾಳೆ. ಸಭೆ ತಲೆದೂಗುತ್ತದೆ. ಆ ಉತ್ತರದಲ್ಲಿ ಒಂದು ಚುಚ್ಚು ಇದೆಯೆಂಬುದನ್ನು ಸಭೆ ಕಂಡಿತೋ ಇಲ್ಲವೋ: ಶರಣರ ಮನಸ್ಸು ಕದಡೀತೆಂಬ ಶಂಕೆ ಅವಳಿಗೆ ಇತ್ತು, ಮತ್ತು ಆ ಶಂಕೆಗೆ ಬೊಮ್ಮಯ್ಯನ ಪ್ರಸಂಗವು ಕಾರಣವಾಗಿತ್ತು. ಪ್ರಭುದೇವರ ಪ್ರಶ್ನೆಗಳನ್ನು ಲೋಕದ ಅಪವಾದವನ್ನು ಮೊದಲೇ ಕಳೆಯುವ ಉಪಾಯವೆಂದು ವಿವರಿಸುವ ಪದ್ಧತಿಯುಂಟು. ಅದರಲ್ಲಿ ತಥ್ಯವೂ ಇರಬಹುದು. ಹಾಗಿದ್ದರೂ ಪ್ರಮಾಣವನ್ನು ಒದಗಿಸುವ ಹೊಣೆ ಬಲಾತ್ಕಾರಕ್ಕೆ ಗುರಿಯಾದವಳ ಮೇಲೆಯೇ ಬಿದ್ದಿತೆಂಬುದು ಅಳಿಸಲಾಗದ ಸಂಗತಿ. ಕನ್ನಡದ ಅತ್ಯುದಾರವಾದ ಸಭೆಯೂ ಅಲ್ಲಿ ಸೋತಿತು. ಇಷ್ಟಾಗಿ, ಅವಳ ಉತ್ತರವನ್ನು ಅದು ತಿದ್ದದೆ ಬರೆದಿಟ್ಟಿತು.

ಆ ಬರೆದಿಟ್ಟುದರ ಫಲವು ಸಣ್ಣದಲ್ಲ. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ವು ೧೯೨೩ರಲ್ಲಿ ಪ್ರಕಟವಾದ ಮೇಲೆ, ತಾಳೆಗರಿಗಳಲ್ಲಿ ಮಠಮನೆಗಳಲ್ಲಿ ಚದುರಿದ್ದ ವಚನಗಳು ಸಾಮಾನ್ಯ ಓದುಗರ ಕೈಗೆ ಬಂದುವು. ಎ. ಕೆ. ರಾಮಾನುಜನ್ ಅವರು ೧೯೭೩ರಲ್ಲಿ ಇಂಗ್ಲಿಷಿಗೆ ತಂದ ವಚನಸಂಕಲನದಲ್ಲಿ ಮಹಾದೇವಿಗೆ ಬಸವ, ದಾಸಿಮಯ್ಯ, ಅಲ್ಲಮರ ಸರಿಸಮವಾದ ಸ್ಥಾನ ದೊರೆತು, ಕನ್ನಡವನ್ನೇ ಅರಿಯದ ದೇಶಗಳಲ್ಲಿ ಅವಳಿಗೆ ಓದುಗರಾದರು. ೧೯೯೩ರಲ್ಲಿ ವೀರಣ್ಣ ರಾಜೂರ ಅವರ ಸಂಪಾದಕತ್ವದಲ್ಲಿ ಸರ್ಕಾರದ ಸಮಗ್ರ ವಚನ ಸಂಪುಟಗಳಲ್ಲೊಂದಾಗಿ ಬಂದ ‘ಶಿವಶರಣೆಯರ ವಚನ ಸಂಪುಟ’ವು ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರನ್ನು ಒಂದೆಡೆ ತಂದಿತು. ಇವರು ಬದುಕಿದ್ದಾಗ ಎಂದೂ ಒಟ್ಟಿಗೆ ಸೇರಿದವರಲ್ಲ. ಅವರಲ್ಲಿ ಸೂಳೆ ಸಂಕವ್ವೆಯದು ಉಳಿದಿರುವುದು ಒಂದೇ ವಚನ. ವೃತ್ತಿಯ ಕಟ್ಟಳೆಯನ್ನು ಮೀರಿದ ಗಣಿಕೆಗೆ ವಿವಸ್ತ್ರಗೊಳಿಸುವಿಕೆ, ಅಂಗಚ್ಛೇದ, ವಧೆಗಳು ಕಾದಿರುವುವೆಂಬ ಭಯವನ್ನೇ ಆಕೆ ತನ್ನ ನಿಷ್ಠೆಗೆ ಉಪಮಾನವಾಗಿ ಮಾಡಿಕೊಂಡಿದ್ದಾಳೆ. ಭಕ್ತಿಯ ವಚನವೆಂದು ಅದನ್ನು ಓದುವುದು ಸರಿಯೆ. ಆದರೆ ಅದು ಹನ್ನೆರಡನೆಯ ಶತಮಾನದ ಸಾಕ್ಷಿಹೇಳಿಕೆಯೂ ಅಹುದು. ವೀರಗಲ್ಲು ಹೇಳದೆ ಬಿಟ್ಟುದನ್ನು ಒಬ್ಬ ಬಡ ಗಣಿಕೆ ಕೆಲವೇ ಪಂಕ್ತಿಗಳಲ್ಲಿ ಹೇಳಿದಳು. ಉಡುತಡಿಯವಳ ನಾನೂರಕ್ಕೂ ಮಿಕ್ಕ ವಚನಗಳ ಪಕ್ಕದಲ್ಲಿ ಈ ಒಂದನ್ನು ಇಟ್ಟು ಓದಿದಾಗ, ಉಡೆಯನ್ನು ತಾನೇ ಬಿಸುಟವಳ ಧೈರ್ಯದ ಪ್ರಮಾಣ ತಿಳಿಯುತ್ತದೆ. ಶತ್ರುವೂ ದಂಡಾಧಿಕಾರಿಯೂ ಆಯುಧವಾಗಿ ಬಳಸುತ್ತಿದ್ದ ಬತ್ತಲೆಯನ್ನು ಅವಳು ಅವರ ಕೈಯಿಂದ ಕಸಿದುಕೊಂಡಳು.

ಉಡುತಡಿಯ ನೆರೆಯ ಸೊರಬ ತಾಲ್ಲೂಕಿನಲ್ಲಿ ಬತ್ತಲೆಗೆ ಬೇರೊಂದು ಚರಿತ್ರೆಯುಂಟು. ಚಂದ್ರಗುತ್ತಿಯ ಗುಹಾಲಯದಲ್ಲಿ ನೆಲಸಿದ ರೇಣುಕಾಂಬೆಯ ಜಾತ್ರೆಯಲ್ಲಿ, ಹರಕೆ ಹೊತ್ತವರು ವರದಾನದಿಯಲ್ಲಿ ಮಿಂದು ವಸ್ತ್ರವಿಲ್ಲದೆ ಬೆಟ್ಟವನ್ನೇರುವ ಬೆತ್ತಲೆ ಸೇವೆಯೆಂಬ ಪದ್ಧತಿ ಇತ್ತು. ಹರಕೆಯವರಲ್ಲಿ ಬಹುಮಂದಿ ದಲಿತ ಮತ್ತು ಹಿಂದುಳಿದ ಸಮುದಾಯಗಳ ಹೆಂಗಸರು. ರೇಣುಕೆಯ ಕಥೆ ‘ಮಹಾಭಾರತ’ದ ವನಪರ್ವದಲ್ಲಿದೆ. ಮನಸ್ಸಿನ ಒಂದು ಕ್ಷಣದ ಚಾಂಚಲ್ಯಕ್ಕಾಗಿ ಗಂಡನ ಆಜ್ಞೆಯಿಂದ ಮಗನ ಕೊಡಲಿಗೆ ತಲೆಯೊಡ್ಡಿದವಳು ಅವಳು. ಪರಶುರಾಮನು ತಂದೆಯಿಂದ ಪಡೆದ ವರಗಳಲ್ಲಿ ಒಂದು, ತಾಯಿ ಬದುಕಿ ಏಳಬೇಕೆಂಬುದು. ಇನ್ನೊಂದು, ತಾನು ಕೊಲ್ಲಲ್ಪಟ್ಟುದರ ನೆನಪು ಅವಳಿಗೆ ಇರಕೂಡದೆಂಬುದು. ಈ ಎರಡನೆಯ ವರದ ಮೇಲೆ ವ್ಯಾಖ್ಯಾನಕಾರರ ದೃಷ್ಟಿ ಹರಿದುದು ಕಡಮೆ. ಅದು ಮಗನ ಕರುಣೆಯೆಂದು ತೋರುತ್ತದೆ. ವಾಸ್ತವದಲ್ಲಿ ಅದರ ಲಾಭ ಯಾರಿಗೆ? ನೆನಪಿಲ್ಲದವಳು ಕೇಳಲಾರಳು, ದೂರಲಾರಳು, ಸಾಕ್ಷಿ ನುಡಿಯಲಾರಳು. ಕೊಂದವನಿಗೂ ಕೊಲ್ಲಿಸಿದವನಿಗೂ ಅವಳ ಕಣ್ಣನ್ನು ಎದುರಿಸುವ ಪ್ರಸಂಗ ಬರುವುದಿಲ್ಲ. ಮನೆಯು ಮೊದಲಿನಂತೆ ನಡೆಯುತ್ತದೆ. ರೇಣುಕೆಗೆ ಜೀವ ಮರಳಿತು, ಸ್ಮೃತಿ ಮರಳಲಿಲ್ಲ. ಮಹಾದೇವಿಗೆ ಮನೆ ಮರಳಲಿಲ್ಲ, ಸ್ಮೃತಿ ಉಳಿಯಿತು. ಒಂದೇ ಸೀಮೆಯ ಈ ಎರಡು ಕಥೆಗಳನ್ನು ಜೊತೆಯಲ್ಲಿ ಪಾಠಹೇಳುವ ಅಧ್ಯಾಪಕನಿಗೆ ಬೇರೆ ಟಿಪ್ಪಣಿ ಬೇಕಾಗದು.

೧೯೮೬ರ ಮಾರ್ಚಿಯಲ್ಲಿ ಚಂದ್ರಗುತ್ತಿಯಲ್ಲಿ ನಡೆದುದು ಕರ್ನಾಟಕಕ್ಕೆಲ್ಲ ತಿಳಿದ ಸಂಗತಿ. ದಲಿತ ಸಂಘರ್ಷ ಸಮಿತಿಯವರೂ ಇತರ ಸುಧಾರಕರೂ ಬೆತ್ತಲೆ ಸೇವೆಯನ್ನು ತಡೆಯಲು ಹೋದರು. ಭಕ್ತರ ಗುಂಪು ಕೆರಳಿತು. ಕಾರ್ಯಕರ್ತರೂ ಬಂದೋಬಸ್ತಿಗೆ ನಿಂತಿದ್ದ ಪೊಲೀಸರೂ, ಅವರೊಳಗೆ ಹೆಂಗಸರೂ, ಹೊಡೆತ ತಿಂದು ವಿವಸ್ತ್ರರಾಗಿ ಮೆರವಣಿಗೆಗೊಳ್ಳಬೇಕಾಯಿತು. ಶಾಸನಗಳ ‘ಉಡೆಯುರ್ಚು’ ಎಂಬುದು ಸಾವಿರ ವರ್ಷಗಳ ಮೇಲೆ ಅದೇ ಸೀಮೆಯಲ್ಲಿ ಹಾಡೇ ಹಗಲಿನಲ್ಲಿ ಮರುಕಳಿಸಿತು. ಸರ್ಕಾರವು ಪದ್ಧತಿಯನ್ನು ನಿಷೇಧಿಸಿ ವಿಚಾರಣೆಗೆ ಆಯೋಗವನ್ನು ನೇಮಿಸಿತು. ನಿಷೇಧವು ಆವಶ್ಯಕವೇ ಆಗಿತ್ತೆಂಬುದರಲ್ಲಿ ವಿವಾದವಿಲ್ಲ. ಆದರೆ ಆ ಕಾಲದ ವಾದವಿವಾದಗಳಲ್ಲಿ ಸುಧಾರಕರ ಧ್ವನಿ, ಭಕ್ತರ ಮುಖಂಡರ ಧ್ವನಿ, ಸರ್ಕಾರದ ಧ್ವನಿ ಕೇಳಿಬಂದಷ್ಟು ಹರಕೆ ಹೊತ್ತವಳ ಧ್ವನಿ ಕೇಳಿಬರಲಿಲ್ಲ. ಯಾವ ರೋಗಕ್ಕೆ, ಯಾವ ಕಷ್ಟಕ್ಕೆ, ಯಾರ ಒತ್ತಾಯಕ್ಕೆ ಆಕೆ ಹರಕೆ ಹೊತ್ತಳೆಂಬುದನ್ನು ಅವಳ ಮಾತಿನಲ್ಲಿಯೇ ಕೇಳುವ ಸಭೆಯೊಂದು ಮೊದಲು ಕೂಡಿದ್ದರೆ ಹೊಳೆಯ ದಂಡೆಯಲ್ಲಿ ಕೈಕೈ ಮಿಲಾಯಿಸುವ ಪ್ರಸಂಗ ಬರುತ್ತಿತ್ತೋ ಇಲ್ಲವೋ.

ಅಂಥ ಸಭೆಗಳು ಕರ್ನಾಟಕದಲ್ಲಿ ಇರಲೇ ಇಲ್ಲವೆಂದಲ್ಲ. ಹಲವು ಊರುಗಳಲ್ಲಿ ಶರಣೆಯರ ವಚನಗಳನ್ನು ಹಾಡುವ ಓದುವ ಹೆಂಗಸರು ‘ಅಕ್ಕನ ಬಳಗ’ವೆಂಬ ಹೆಸರಿನಲ್ಲಿ ಸೇರುತ್ತ ಬಂದಿದ್ದಾರೆ. ಮೈಸೂರಿನ ಸಮತಾ ವೇದಿಕೆಯನ್ನು ಕಟ್ಟಿದವರಲ್ಲಿ ಪ್ರಮುಖರಾದ ವಿಜಯಾ ದಬ್ಬೆಯವರು ಹಳಗನ್ನಡದ ವಿದುಷಿ. ಗ್ರಂಥಸಂಪಾದನೆಯ ಶಿಸ್ತೂ ಹೆಣ್ಣಿನ ಮೇಲಿನ ದೌರ್ಜನ್ಯದ ವಿರುದ್ಧ ಬೀದಿಯಲ್ಲಿ ನಿಲ್ಲುವ ದಾರ್ಢ್ಯವೂ ಅವರಲ್ಲಿ ಒಂದಾಗಿದ್ದುವು. ಬೆಂಗಳೂರಿನಲ್ಲಿ ೧೯೭೯ರಲ್ಲಿ ಆರಂಭವಾದ ವಿಮೋಚನಾ ಸಂಸ್ಥೆಯು ವರದಕ್ಷಿಣೆಯ ಸಾವುಗಳನ್ನು ಬಹಿರಂಗಕ್ಕೆ ತಂದಿತು. ಕೊರಿನ್ ಕುಮಾರ್ ಅವರ ಚಿಂತನೆಯಿಂದ ಮೂಡಿದ ಮಹಿಳಾ ನ್ಯಾಯಾಲಯಗಳು ವಾಙ್ಮಯಸಭೆಯ ಅತಿ ಸಮೀಪದ ಬಂಧುಗಳು. ಮೊದಲನೆಯದು ೧೯೯೨ರಲ್ಲಿ ಲಾಹೋರಿನಲ್ಲಿ ನಡೆಯಿತು. ವರದಕ್ಷಿಣೆಯ ಹಿಂಸೆಯನ್ನು ಕುರಿತದ್ದು ೨೦೦೯ರಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಅಲ್ಲಿ ದಂಡವಿಲ್ಲ, ಜಾರಿ ಮಾಡುವ ಅಧಿಕಾರವಿಲ್ಲ. ನೊಂದವಳು ನುಡಿಯುವಳು, ನೆರೆದವರು ಕೇಳುವರು, ನುಡಿದುದು ಬರಹವಾಗುವುದು. ಮುಖ್ಯವಾದ ಭೇದವೊಂದುಂಟು: ಈ ಸಭೆಯ ಹೊಸ್ತಿಲಲ್ಲಿ ಕಿನ್ನರಿ ಬೊಮ್ಮಯ್ಯನಿಲ್ಲ.

ಬರಿದೆ ಮಾತಿನಿಂದ ಏನಾದೀತೆಂಬ ಆಕ್ಷೇಪಕ್ಕೆ ಒಂದು ನಿದರ್ಶನ ಸಾಕು. ಪೊಲೀಸ್ ಠಾಣೆಯಲ್ಲಿ ಬಲಾತ್ಕಾರಕ್ಕೆ ಒಳಗಾದ ಹುಡುಗಿಯೊಬ್ಬಳ ಮೈಮೇಲೆ ಗಾಯಗಳಿಲ್ಲವೆಂಬುದನ್ನೂ ಅವಳು ಪ್ರತಿಭಟಿಸಿದಂತೆ ಕಾಣದೆಂಬುದನ್ನೂ ಹಿಡಿದು ಸರ್ವೋಚ್ಚ ನ್ಯಾಯಾಲಯವು ೧೯೭೮ರಲ್ಲಿ ಆರೋಪಿಗಳನ್ನು ಬಿಡುಗಡೆ ಮಾಡಿತು. ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ನ್ಯಾಯಶಾಸ್ತ್ರದ ಅಧ್ಯಾಪಕರು ೧೯೭೯ರಲ್ಲಿ ಮುಖ್ಯ ನ್ಯಾಯಾಧೀಶರಿಗೆ ಒಂದು ಬಹಿರಂಗ ಪತ್ರವನ್ನು ಬರೆದರು. ಅದು ಕೈಯಿಂದ ಕೈಗೆ ಹೋಗಿ, ಒಬ್ಬರನ್ನೊಬ್ಬರು ಕಾಣದ ಹೆಂಗಸರನ್ನು ಅನೇಕ ನಗರಗಳಲ್ಲಿ ಒಂದೇ ಮಾತಿಗೆ ಸೇರಿಸಿತು. ೧೯೮೩ರಲ್ಲಿ ಸಾಕ್ಷ್ಯ ಕಾನೂನು ತಿದ್ದುಪಡಿಯಾಗಿ, ರಕ್ಷಣೆಯ ಅಧಿಕಾರವುಳ್ಳವರು ಎಸಗಿದ ಇಂಥ ಕೃತ್ಯದಲ್ಲಿ ಸಂಗವು ಸಿದ್ಧಪಟ್ಟು, ಹೆಣ್ಣು ತಾನು ಒಪ್ಪಿರಲಿಲ್ಲವೆಂದು ನುಡಿದರೆ ನ್ಯಾಯಾಲಯವು ಒಪ್ಪಿಗೆಯಿರಲಿಲ್ಲವೆಂದೇ ಭಾವಿಸತಕ್ಕದ್ದೆಂದಾಯಿತು. ಪ್ರಭುದೇವರ ಪ್ರಶ್ನೆ ತನ್ನ ದಿಕ್ಕನ್ನು ಬದಲಿಸಿಕೊಂಡು ಕೌಶಿಕನ ಕಡೆಗೆ ತಿರುಗಲು ಎಂಟು ಶತಮಾನಗಳು ಹಿಡಿದುವು. ದೇಶಾಂತರದಲ್ಲಿಯೂ ಹೀಗೆಯೇ: ಡೊಮಿನಿಕನ್ ಗಣರಾಜ್ಯದಲ್ಲಿ ೧೯೬೦ರಲ್ಲಿ ಸರ್ವಾಧಿಕಾರಿಯ ಕಡೆಯವರಿಂದ ಹತರಾದ ಮಿರಾಬಲ್ ಸೋದರಿಯರ ನೆನಪಿಗೆ ಲ್ಯಾಟಿನ್ ಅಮೆರಿಕದ ಹೆಂಗಸರು ೧೯೮೧ರಿಂದ ನವೆಂಬರ್ ೨೫ನ್ನು ಆಚರಿಸುತ್ತ ಬಂದು, ೧೯೯೯ರಲ್ಲಿ ವಿಶ್ವಸಂಸ್ಥೆಯು ಅದನ್ನು ಮಹಿಳೆಯರ ಮೇಲಿನ ಹಿಂಸೆಯನ್ನು ತೊಲಗಿಸುವ ಅಂತಾರಾಷ್ಟ್ರೀಯ ದಿನವೆಂದು ಅಂಗೀಕರಿಸಿತು. ಅಲ್ಲಿಯೂ ಸಭೆಯನ್ನು ಕೂಡಿಸಿದುದು ಅಕ್ಕತಂಗಿಯರೆಂಬ ಹೆಸರೇ.

ಹರಿಹರನ ರಗಳೆಯ ಕೊನೆಯ ಭಾಗದಲ್ಲಿ ಒಂದು ಪ್ರಸಂಗವಿದೆ. ಮದುವೆಯ ವಾದದ ಗದ್ದಲದಲ್ಲಿ ಅದನ್ನು ವಿಮರ್ಶಕರು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ಮಹಾದೇವಿ ಶ್ರೀಶೈಲವನ್ನು ಸೇರಿದ ಮೇಲೆಯೂ ಕೌಶಿಕನು ಬಿಡುವುದಿಲ್ಲ. ಈ ಬಾರಿ ಅವನು ಸೈನ್ಯವನ್ನು ತರುವುದಿಲ್ಲ. ಭಕ್ತನ ವೇಷವನ್ನು ಧರಿಸಿ ಬಂದು ಕಾಲಿಗೆ ಬೀಳುತ್ತಾನೆ. ಷರತ್ತು ಮುರಿದವನು, ಅವಳ ಮತವನ್ನೇ ಉಟ್ಟುಕೊಂಡು ಬಂದಿದ್ದಾನೆ. ಸರಳಹೃದಯದ ಕವಿಯಾಗಿದ್ದರೆ ಇಲ್ಲಿ ಪಶ್ಚಾತ್ತಾಪವನ್ನು ತಂದು, ಕ್ಷಮೆಯನ್ನು ಕೊಡಿಸಿ, ಸಂಧಾನ ಮಾಡಿಸುತ್ತಿದ್ದನು. ಹರಿಹರನ ಮಹಾದೇವಿಗೆ ಕಾಣುವುದು ಬೆನ್ನು ಬಿಡದೆ ಬೆಟ್ಟದವರೆಗೂ ಬಂದ ಮಾಯೆ. ಅವಳು ವೇಷವನ್ನು ನೋಡುವುದಿಲ್ಲ, ವೇಷ ತೊಟ್ಟ ಮೈಯನ್ನು ಗುರುತಿಸುತ್ತಾಳೆ, ಮತ್ತು ಮುಂದಕ್ಕೆ ನಡೆಯುತ್ತಾಳೆ.